ಅಜ್ಞಾತ ಕಲಾವಿದ

ವೂಚ್ ನಗರದ ನಾಲ್ಕನೇ ಮಹಡಿಯಲ್ಲಿ ಸೆವೆರಿನ್
ಸಂಜೆ ಆರಕ್ಕೆ ಒಂದು ಸದ್ದು ಕೇಳಬೇಕೆಂದು ಕೂತ.
ನಲವತ್ತು ಸೆಕೆಂಡಿನದು, ಹೆಚ್ಚೇನಲ್ಲ:
ಗಿರಣಿಯ ಕೆಂಪು ಗೋಡೆ ಬಳಸುವ ತಿರುವಿನಲ್ಲಿ
ಟ್ರಾಮಿನ ಗಾಲಿ ಹಳಿ ಕಚ್ಚಿ ಕಿರುಚುವುದು.

ಮೂವತ್ತೊಂದು ವರ್ಷ ಟ್ರಾಮು ಓಡಿಸಿದವನು.
ನಿವೃತ್ತಿಗೆ ಮುಂಚಿನ ಚಳಿಗಾಲ
ಅಂಗಿ ಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು
ಗಂಟೆ, ಬ್ರೇಕು, ಬಾಗಿಲ ನಿಟ್ಟುಸಿರು
ಎಲ್ಲ ಹಿಡಿದಿಟ್ಟ. ನಾನೂರ ಹನ್ನೆರಡು ತುಣುಕು.

ಐಕಾನ್ ಒತ್ತಿದ. ತೆರೆ ಕಪ್ಪಾಯಿತು. ಆಮೇಲೆ ನೀಲಿ.
ಆಮೇಲೆ ಒಂದು ಚಕ್ರ ತಿರುಗತೊಡಗಿತು,
ಹಳಿಯಿಲ್ಲದ, ಎಲ್ಲಿಗೂ ಹೋಗದ ಚಕ್ರ.
ಹೊಸ ಆವೃತ್ತಿ ಬಂದಿದೆ, ಇಳಿಸಲೇ?
ಖಾತೆ ತೆರೆಯಿರಿ. ಪಾಸ್‌ವರ್ಡಿನಲ್ಲಿ ಒಂದು ಅಂಕಿ ಇರಲಿ.
ಫೋನು ಜೋಡಿಸಿ. ಜೋಡಿಸುವಂಥದ್ದಿಲ್ಲವೇ? ಕೊಳ್ಳಿ.
ಅಂಗಡಿಗೆ ಬನ್ನಿ. ಇರಲಿ, ಅಂಗಡಿಯೇ ಬಂತು.

ಹಿಂದೆ ಇದೇ ಹೆಸರಿನದೊಂದು ಇತ್ತು,
ಬೆಂಕಿಪೊಟ್ಟಣದಷ್ಟು. ತೆರೆಯ ಮೂಲೆಯಲ್ಲಿ ಕೂತು
ಹಾಡೆಂದರೆ ಹಾಡುತ್ತಿತ್ತು, ಸುಮ್ಮನಿರೆಂದರೆ ಸುಮ್ಮನೆ.
ಈಗ ಮೈ ಬೆಳೆದಿದೆ.
ಚಿಟಿಕೆ ಜೀರಿಗೆ ಕೇಳಿದರೆ
ಇಡೀ ಸಂತೆ ತಂದು ನಡುಮನೆಯಲ್ಲಿ ಸುರಿದು
ಹುಡುಕಿಕೊಳ್ಳಿ ಅನ್ನುತ್ತದೆ.

ಸಿಟ್ಟೇನಿಲ್ಲ ಅವನಿಗೆ. ಯಂತ್ರ ಬಲ್ಲವನು.
ಅವನ ಟ್ರಾಮಿಗೆ ಒಂದು ಹಿಡಿ, ಒಂದು ಗಂಟೆ, ಒಂದು ಡಬ್ಬಿ ಮರಳು;
ಹಿಮಗಟ್ಟಿದ ಬೆಳಗುಗಳನ್ನು ಅಷ್ಟರಲ್ಲೇ ದಾಟಿದ.
ಯಾವ ನಿಲ್ದಾಣದಲ್ಲೂ ಅದು ಬಾಗಿಲು ಮುಚ್ಚಿಕೊಂಡು
‘ನನ್ನ ಸೇವೆಗೆ ಎಷ್ಟು ನಕ್ಷತ್ರ?’ ಎಂದು ಕೇಳಲಿಲ್ಲ.

ಎಂಟೂವರೆಗೆ ಕಪಾಟು ತೆರೆದುಕೊಂಡಿತು.
ಸದ್ದುಗಳನ್ನೆಲ್ಲ ಅದು ತಾನೇ ಓರಣ ಮಾಡಿತ್ತು:
ತಾರೀಖು ಅಳಿಸಿ, ಮಾರ್ಗದ ಸಂಖ್ಯೆ ಅಳಿಸಿ,
ನಾನೂರ ಹನ್ನೆರಡಕ್ಕೂ ಒಂದೇ ಹೆಸರು,
ಅಜ್ಞಾತ ಕಲಾವಿದ.
ಪಕ್ಕದಲ್ಲಿ ಸಲಹೆ: ನಿದ್ದೆಗೆ ಮಳೆಯ ಸದ್ದು, ತಿಂಗಳಿಗಿಷ್ಟು.
ನಕ್ಕುಬಿಟ್ಟ. ಕಲಾವಿದ ಎಂದು
ಅದುವರೆಗೆ ಅವನನ್ನು ಯಾರೂ ಕರೆದಿರಲಿಲ್ಲ.
ದೀಪ ಆರಿಸಿ ಮಲಗಿದ. ಅದು ಇನ್ನೂ ಏನನ್ನೋ ಎಣಿಸುತ್ತಿತ್ತು.

ರಾತ್ರಿ ಎರಡೂ ಹತ್ತಕ್ಕೆ ಎಣಿಕೆ ಮುಗಿಯಿತು.
ಹೇಳದೆ, ಕೇಳದೆ, ದನಿ ತುದಿಗೇರಿಸಿ
ಮೊದಲಿಂದ ಶುರುವಿಟ್ಟಿತು:
ಗಂಟೆ. ಬ್ರೇಕು. ಗಂಟೆ. ಬಾಗಿಲು. ಯಾರದೋ ಕೆಮ್ಮು.
ಕತ್ತಲಲ್ಲಿ ಮೌಸ್ ತಡಕಿದ. ನಿಲ್ಲಿಸುವ ಗುಂಡಿ
ಹೊಸ ಆವೃತ್ತಿಯಲ್ಲಿ ಎಲ್ಲಿಗೆ ಹೋಗಿದೆಯೋ.
ಕೆಳಮನೆಯಿಂದ ಪೊರಕೆಯ ಹಿಡಿ ಗುದ್ದಿತು, ಮೂರು ಸಲ.
ಆಗ ಬಂತು ಆ ತಿರುವು, ಕೆಂಪು ಗೋಡೆ, ಆ ಕಿರುಚು.
ಪೊರಕೆ ನಿಂತಿತು.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಬಾಗಿಲಲ್ಲಿ ಹಾಲ್ಷ್ಕಾ,
ರಾತ್ರಿಯಂಗಿಯ ಮೇಲೆ ಕೋಟು, ಕೈಯಲ್ಲಿನ್ನೂ ಪೊರಕೆ.
ಇಪ್ಪತ್ತು ವರ್ಷ ನೂಲಿನ ಗಿರಣಿಯ ರಾತ್ರಿಪಾಳಿ,
ಅದರಿಂದಲೇ ಒಂದು ಕಿವಿ ಮಂದ.
‘ಈ ಕಿರುಚಿಗೇ ನನಗೆ ಎಚ್ಚರಾಗುತ್ತಿದ್ದದ್ದು,’ ಅಂದಳು.
‘ಮುಂದಿನದೇ ನನ್ನ ನಿಲ್ದಾಣ. ಇನ್ನೊಮ್ಮೆ ಹಾಕು.’

ಇನ್ನೊಮ್ಮೆ ಹಾಕುವುದು ಹೇಗೆಂದು
ಬೆಳಗಾಗುವವರೆಗೂ ಇಬ್ಬರೂ ಹುಡುಕಿದರು.