ಬಾವಿಯ ಲೆಕ್ಕ

"ಇಲ್ಲೇ, ಹುಟ್ಟು ನಿಲ್ಲಿಸು" ಅಂದಳು ಅಜ್ಜಿ ಕ್ಲೆಮೆನ್ಸಿಯಾ.
ಸುತ್ತ ಗಟೂನ್ ಸರೋವರ. ದೂರದಲ್ಲಿ ಸತ್ತ ಮರದ ಕೊರಡು,
ಅದರ ಮೇಲೊಂದು ನೀರುಕಾಗೆ.
ಅರವತ್ತು ಅಡಿ ಕೆಳಗೆ ನಮ್ಮ ಒಲೆ.

ಕಾಲುವೆ ಕಟ್ಟುವ ಅಮೆರಿಕದವರ ಗುಮಾಸ್ತ ಬಂದಿದ್ದನಂತೆ.
ಬಾಳೆ ಎಣಿಸಿದ: ನಲವತ್ತೊಂದು.
ಕೋಳಿ ಎಣಿಸುವಾಗ ಹುಂಜ ಓಡಿ ಲೆಕ್ಕ ತಪ್ಪಿತು.
ಗುಡಿಸಲಿಗಿಷ್ಟು, ಕೋಕೋ ಗಿಡಕ್ಕಿಷ್ಟು.
ಬಾವಿಗೆ? ಕೇಳಿದಳು.
ನಕ್ಕ. ಕೆಟ್ಟವನೇನಲ್ಲ, ಚಿಕ್ಕ ವಯಸ್ಸು.
"ನೀರಿಗೇನು ಬರ, ಅಮ್ಮಾ? ಅದು ತಾನಾಗಿ ಬರುತ್ತದಲ್ಲ."

ಬಂತು.
ಮೊದಲು ಅಂಗಳಕ್ಕೆ, ಕರೆಯದ ನೆಂಟನ ಹಾಗೆ,
ಆಮೇಲೆ ಒಲೆಯ ಬೂದಿಗೆ.
ಗೋರಿಗಳಿಗೆ ಕೊನೆಗೆ; ಅವು ದಿಬ್ಬದ ಮೇಲಿದ್ದವಲ್ಲ.

ಆ ನೀರು ತಡೆದ ಗೇಟಿಗೆ ಕಾಂಕ್ರೀಟು ಹೊತ್ತವರಲ್ಲಿ
ತಾತನೂ ಒಬ್ಬ.
ಬಿಳಿಯರ ಕಿಟಕಿಯಲ್ಲಿ ಚಿನ್ನ, ಅವನ ಕಿಟಕಿಯಲ್ಲಿ ಬೆಳ್ಳಿ.
ಸಂಬಳಕ್ಕೂ ತೊಗಲಿತ್ತು.

ಹಡಗೊಂದು ಬರುತ್ತಿದೆ, ಬೀದಿಯಷ್ಟು ಉದ್ದ.
ನಮ್ಮ ಊರಿನ ಮೇಲೆ ಹಾಯಲು
ಟನ್ನಿಗಿಷ್ಟು ಡಾಲರ್ ಯಾರಿಗೋ ಕೊಟ್ಟಿದೆ.

ಅಲೆಗೆ ದೋಣಿ ಹೊಯ್ದಾಡಿತು.
ಅಜ್ಜಿ ಹಗ್ಗ ಕಟ್ಟಿದ ಬಕೆಟ್ಟು ಇಳಿಬಿಟ್ಟಳು,
ಎಳೆದಳು, ಒಂದು ಗುಟುಕು ಕುಡಿದು
ಉಗಿದಳು.
"ಇದಲ್ಲ. ನಮ್ಮದು ಇನ್ನೂ ಕೆಳಗಿದೆ.
ಹಗ್ಗ ಸಾಲದು."