ಸಾಲದ ನ್ಯೂಟ್ರಲ್

ಜೆಪ್ಪಿನ ಆ ಮನೆಯ ನಡುವೆ ಕೆಂಪುಕಲ್ಲಿನ ಗೋಡೆ ಎದ್ದು
ಆರು ವರ್ಷ. ಗಾರೆ ಬಳಿದದ್ದು ಅಣ್ಣನ ಕಡೆ ಮಾತ್ರ;
ತಮ್ಮನ ಕಡೆ ಕಲ್ಲು ಇನ್ನೂ ಹಲ್ಲು ಕಿರಿದುಕೊಂಡೇ ಉಂಟು.
ಗೇಟು ಎರಡು, ಮೀಟರು ಎರಡು, ಮೆಸ್ಕಾಂ ಬಿಲ್ಲು ಎರಡು.
ಬಾವಿಯ ಬಾಯಿಯ ಮೇಲೂ ಗೋಡೆ ಹಾದು
ನೀರು ಒಂದು, ರಾಟೆ ಎರಡು.

ಕರೆಸಿದ್ದು ಅಣ್ಣ, ಎವ್ಜಿನ್ ಪೊರ್ಬು.
“ಮಯ್ಯದ್ದಿ, ಹೊಸ ಟ್ರಿಪ್ಪರ್ ಹಾಕಿಸಿದ ದಿನದಿಂದ
ಟಪ್ ಅಂತ ಬೀಳ್ತದೆ. ಎತ್ತಿದರೆ ಮತ್ತೆ ಬೀಳ್ತದೆ.
ಅರ್ಧ ಗಂಟೆ ಬಿಟ್ಟರೆ ತಾನೇ ನಿಲ್ತದೆ.
ನಿನ್ನೆ ಜಪಸರದ ಮಧ್ಯದಲ್ಲೇ ಕತ್ತಲೆ.”
ಆಮೇಲೆ ದನಿ ತಗ್ಗಿಸಿ, ಗದ್ದದಿಂದ ಗೋಡೆ ತೋರಿಸಿ:
“ಕದಿಯುತ್ತಾನೆ.”

ಎಪ್ರಿಲ್. ಬನಿಯನ್ನು ಬೆನ್ನಿಗಂಟುವ ಸೆಕೆ.
ಮೇನ್ ಸ್ವಿಚ್ಚು ಎಲ್ಲಿ ಅಂದರೆ
ಅಕ್ಕಿಯ ಡ್ರಮ್ಮಿನ ಹಿಂದೆ, ಕ್ರಿಸ್ಮಸ್ ನಕ್ಷತ್ರಗಳ ಪೆಟ್ಟಿಗೆಯ ಹಿಂದೆ,
ಒಂದು ಮುರಿದ ಮಂಚ ಸರಿಸಿದ ಮೇಲೆ.
ಬೆಂಕಿ ಬಿದ್ದ ದಿನ ಇಲ್ಲಿಗೆ ಯಾರು ಹೇಗೆ ಬರುವುದು, ಪೊರ್ಬುಲೇ?
ಅವರು ನಕ್ಕರು. ನಾನು ನಗಲಿಲ್ಲ.

ಹಿಡಿ ಇಳಿಸಿದೆ. ಡಬಲ್ ಪೋಲ್ ಸ್ವಿಚ್ಚು:
ಬರುವ ದಾರಿ, ಹೋಗುವ ದಾರಿ, ಎರಡೂ ಬಂದ್.
ಫ್ಯೂಸು ಕಿತ್ತು ಕಿಸೆಗೆ ಹಾಕಿದೆ, ಯಾರೂ ಮತ್ತೆ ಸಿಕ್ಕಿಸದಂತೆ.
ಫೇಸಿಗೆ ಟೆಸ್ಟರ್ ಇಟ್ಟೆ: ಉಸಿರಿಲ್ಲ.
ನ್ಯೂಟ್ರಲ್ಲಿಗೆ ಇಡಲಿಲ್ಲ. ಕರಿ ವಯರ್, ಸಾಧು ವಯರ್,
ಮೂವತ್ತು ವರ್ಷ ಮುಟ್ಟಿದ್ದೇನೆ, ಅದೆಂತ ಮಾಡ್ತದೆ?

ಮಾಡಿತು.
ಮೊಣಕೈವರೆಗೆ ಹಾವು ಹತ್ತಿ
ಸ್ಟೂಲು ಒಂದು ಕಡೆ, ನಾನು ಒಂದು ಕಡೆ.
ಸಾಯಲಿಲ್ಲ; ಹಾಗಾಗಿ ಹೇಳ್ತಾ ಇದ್ದೇನೆ.
ಕಸುಬು ಕಲಿಸಿದ ಅದ್ರಾಮಾಕ ಗೋರಿಯೊಳಗಿಂದಲೇ ಬೈದರು:
“ಆಫ್ ಅಂದರೆ ಮಲಗಿದ್ದು ಮಾರಾಯ, ಸತ್ತದ್ದಲ್ಲ.”

ಸದ್ದಿಗೆ ಗೋಡೆಯಾಚೆಯಿಂದ ಗ್ಲೆಡಿಸ್ ಬಾಯಿ:
“ಯಾರಿಗೆ ಎಂತಾಯ್ತು ಅಲ್ಲಿ?”
ಆರು ವರ್ಷದಲ್ಲಿ ಕಲ್ಲು ದಾಟಿದ ಮೊದಲ ಮಾತು.
ಯಾರೂ ಉತ್ತರಿಸಲಿಲ್ಲ.

ಕಳ್ಳತನ ಅಲ್ಲ ಅದು. ಪಾಲಾದ ವರ್ಷ
ಅವಸರದಲ್ಲಿ ಬಂದ ಯಾವನೋ ವಯರ್‌ಮ್ಯಾನ್
ತಮ್ಮನಿಗೆ ಫೇಸ್ ಬೇರೆ ಎಳೆದ,
ಅಡುಗೆಮನೆಯ ನ್ಯೂಟ್ರಲ್ ಹಳೆಯ ಪೈಪಿನಲ್ಲೇ ಬಿಟ್ಟ.
ಹಗಲೇ ದೀಪ ಬೇಕು ಆ ಅಡುಗೆಮನೆಗೆ,
ಕಿಟಕಿ ಅಣ್ಣನ ಪಾಲಿಗೆ ಹೋಗಿತ್ತು.
ಹಿಲರಿ ಪೊರ್ಬುವಿನ ಮೀಟರಿನಿಂದ ಹೊರಟ ಕರೆಂಟು
ಗ್ಲೆಡಿಸ್ ಬಾಯಿಯ ತಲೆಯ ಮೇಲೆ ಬೆಳಗಿ
ದಿನಾ ಹಿಂದಿರುಗಿದ್ದು
ಅಣ್ಣನ ಮನೆಯ ದಾರಿಯಾಗಿ.
ಸಾಲದ ನ್ಯೂಟ್ರಲ್ ಅನ್ನುತ್ತೇವೆ ನಾವು.
ಹಳೆಯ ಫ್ಯೂಸು ಅದನ್ನು ನೋಡಿಯೂ ಸುಮ್ಮನಿತ್ತು.
ಹೊಸ ಟ್ರಿಪ್ಪರಿಗೆ ಲೆಕ್ಕ ಮಾತ್ರ ಗೊತ್ತು:
ಹೋದಷ್ಟೇ ಬರಬೇಕು. ಹೆಚ್ಚು ಬಂದರೂ ಅದಕ್ಕೆ ಸಿಟ್ಟು.

ಎರಡೂ ಗೇಟು ದಾಟಿ ಇದನ್ನೇ ಎರಡು ಸಲ ಹೇಳಿದೆ.
ಎವ್ಜಿನ್ ಪೊರ್ಬು ಕನ್ನಡಕ ತೆಗೆದು ಒರಸಿದರು, ತುಂಬ ಹೊತ್ತು.
“ಹಾಗಾದರೆ ಕಡಿ.”
ಹಿಲರಿ ಪೊರ್ಬು ಕೇಳಿದ್ದು ರೇಟು.

ಕಡಿದೆ. ಕಡಿಯಲೇಬೇಕು.
ಒಬ್ಬ ಬಂದ್ ಮಾಡಿದ ಮನೆಯಲ್ಲಿ
ಇನ್ನೊಬ್ಬನ ದೀಪ ಕೈ ಕಚ್ಚಬಾರದು.
ಆಚೆಗೆ ಬೇರೆ ನ್ಯೂಟ್ರಲ್, ಹೊಸ ಮೇನ್,
ಬಾಗಿಲ ಪಕ್ಕ, ಎದೆಯ ಎತ್ತರಕ್ಕೆ,
ಕತ್ತಲೆಯಲ್ಲೂ ಗ್ಲೆಡಿಸ್ ಬಾಯಿಯ ಕೈಗೆ ಸಿಗುವ ಹಾಗೆ.
ಈಚೆ, ಮುರಿದ ಮಂಚವನ್ನು ನಾನೇ ಹೊತ್ತು ಅಂಗಳಕ್ಕೆ ಎಸೆದೆ.

ಹೊರಡುವಾಗ ಅರ್ಥಿಂಗ್ ನೋಡಲು ಹಿತ್ತಿಲಿಗೆ ಹೋದೆ.
ಬಾವಿಯ ಹಿಂದೆ, ಕಲ್ಲು ಮುಗಿದು ಗೋಡೆ ನಿಂತುಬಿಟ್ಟಲ್ಲಿ
ಉಪ್ಪು, ಇದ್ದಿಲು ತುಂಬಿದ ಗುಂಡಿ, ಅವರ ಅಪ್ಪನ ಕಾಲದ್ದು.
ಎರಡು ಮನೆಯ ಹಸಿರು ವಯರೂ ಅದಕ್ಕೇ ಇಳಿದಿದ್ದವು.
ಬೇರೆ ಮಾಡು ಅಂತ ಯಾರೂ ಹೇಳಲಿಲ್ಲ,
ನಾನೂ ನೆನಪಿಸಲಿಲ್ಲ.
ಬೇಸಿಗೆಯಲ್ಲಿ ಒಣಗಬಾರದು, ದಿನಾ ಒಂದು ಕೊಡ ನೀರು, ಅಂದೆ,
ಗೋಡೆಗೆ ಕೇಳಿಸುವಷ್ಟು ಜೋರಾಗಿ.
ಯಾರು ಹಾಕುವುದು ಅಂತ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ಆ ದಾರಿಯಾಗಿ ಹೋದವನು
ಸುಮ್ಮನೆ ಇಣುಕಿದೆ.
ಊರೆಲ್ಲ ಬಿರಿದ ಮಣ್ಣು, ಗುಂಡಿಯ ಸುತ್ತ ಕೆಸರು.
ಒಂದು ಕೊಡಕ್ಕೆ ಅಷ್ಟು ಕೆಸರಾಗುವುದಿಲ್ಲ.