ನಾಲ್ಕನೇ ಜ್ವರ

ಬರೆದುಕೊಳ್ಳಿ.
ಇಂಗ್ಲಿಷ್ ಪಿರಿಯಡ್ಡಿಗೆ ನೋಟುಬುಕ್ಕು ಎರಡು.
ಕಂದು ಹಾಳೆ ಸಿಗದಿದ್ದರೆ ಹಳೇ ಕ್ಯಾಲೆಂಡರು ತಿರುವಿ ಹಾಕಿ,
ದೇವರ ಮುಖ ಒಳಗಿರಲಿ.
ನಾಲ್ಕು ಗೆರೆ ಚಿಕ್ಕಮಕ್ಕಳಿಗೆ ಅಂತ ನಗಬೇಡಿ,
ಒಂಬತ್ತನೇ ಕ್ಲಾಸಿಗೆ ಬಂದರೂ ನಿಮ್ಮ ಬಿ, ಡಿ
ಬೆನ್ನಿಗೆ ಬೆನ್ನು ಕೊಟ್ಟು ಮುನಿಸಿಕೊಂಡು ನಿಂತಿವೆ.

ಬೆಲ್ಲು ಹೊಡೆದ ಮೇಲೆ ಬಂದವರು
ಬಾಗಿಲಲ್ಲಿ ನಿಂತು 'ಮೇ ಐ ಕಮಿನ್ ಮೇಡಂ' ಅನ್ನಬೇಕು.
ಹಲಗೂರು ಬಸ್ಸು ತಡವಾದ ದಿನ
ಹದಿಮೂರು ಜನ ಒಟ್ಟಿಗೆ ಕೂಗುತ್ತೀರಿ,
ಪಕ್ಕದ ಗಣಿತದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಇಣುಕುತ್ತಾರೆ.
ಇನ್ನು ಒಬ್ಬರು ಅಂದರೆ ಸಾಕು, ಸರದಿ ಮಾಡಿಕೊಳ್ಳಿ.
ಬಾಯೇ ಬಿಡದ ಅಸ್ಮಾಗೂ ಒಂದು ದಿನ ಸಿಗಲಿ.

ಕನ್ನಡ ಆಡಿದರೆ ಒಂದು ರೂಪಾಯಿ ದಂಡ:
ಇದು ಹೋದ ವರ್ಷದ್ದು, ಹೊಡೆದುಹಾಕಿ.
ರಾಗಿ ಮಾಲ್ಟಿನ ಆ ಡಬ್ಬಿಯನ್ನು ಮಾರ್ಚಿಯಲ್ಲಿ ಸುರಿದೆ,
ನಲವತ್ತೊಂದು ರೂಪಾಯಿ.
ಮೂವತ್ತಾರು ನನ್ನವೇ.
ಏನು ಮಾಡಲಿ, ಸಿಟ್ಟು ನನಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ.
ನೀವೋ, ದಂಡಕ್ಕೆ ಹೆದರಿ
ಆ ಭಾಷೆಯನ್ನೂ ಆಡಲಿಲ್ಲ, ಈ ಭಾಷೆಯನ್ನೂ ಆಡಲಿಲ್ಲ;
ವರ್ಷವಿಡೀ ಮಾತಾಡಿದ್ದು ಫ್ಯಾನು ಒಂದೇ.
ಡಬ್ಬಿ ಈಗ ಸೀಮೆಸುಣ್ಣಕ್ಕೆ.

ಇನ್ನು ಲೀವ್ ಲೆಟರು.
ಇಂಗ್ಲಿಷಿನಲ್ಲೇ ಇರಬೇಕು. ಅಪ್ಪನದೋ ಅವ್ವನದೋ ಸಹಿ,
ಹೆಬ್ಬೆಟ್ಟಾದರೂ ಸರಿ.
ನನ್ನ ಮೇಜಿನ ಖಾನೆಯಲ್ಲಿ ಮೂರು ವರ್ಷದ ಚೀಟಿಗಳಿವೆ,
ಎಲ್ಲದರಲ್ಲೂ ಒಂದೇ ಸಾಲು:
'ಐ ಯಾಮ್ ಸಫರಿಂಗ್ ಫ್ರಮ್ ಫೀವರ್.'
ಕಬ್ಬು ಕಡಿಯುವ ವಾರ ಫೀವರು,
ಅಕ್ಕನ ಸೀಮಂತಕ್ಕೆ ಫೀವರು,
ನಾಲೆಗೆ ನೀರು ಬಿಟ್ಟ ರಾತ್ರಿ ಕಳೆದರೆ
ಇಡೀ ಹಿಂದಿನ ಬೆಂಚಿಗೇ ಫೀವರು.
ಹೊರಗಿನವರು ಓದಿದರೆ ಆಸ್ಪತ್ರೆ ವ್ಯಾನು ಕಳಿಸಿಯಾರು.
ಬೈಯಲಾರೆ. ಆ ಸಾಲು ಬೋರ್ಡಿನ ಮೇಲೆ ಬರೆದವಳು ನಾನು.
ನನಗೆ ನನ್ನ ಮೇಡಂ ಬರೆಸಿದ್ದು,
ಅವರಿಗೆ ಇನ್ಯಾರೋ.

ಪೆನ್ನು ಕೆಳಗಿಡಿ, ಇದು ನೋಟ್ಸಲ್ಲ.

ಫೆಬ್ರವರಿಯಲ್ಲಿ ಮಂಟೇಶ ಮೂರು ದಿನ ಬರಲಿಲ್ಲ.
ನಾಲ್ಕನೇ ದಿನ ಚೀಟಿ ತಂದ,
ರೇಷ್ಮೆ ಸೊಪ್ಪಿನ ಹಾಲು ಒಣಗಿ ಕಪ್ಪಾದ ಬೆರಳಲ್ಲಿ.
'ಅವರ್ ವರ್ಮ್ಸ್ ಸಫರಿಂಗ್ ಫ್ರಮ್ ಫೋರ್ತ್ ಫೀವರ್.
ನೌ ಫೀವರ್ ಫಿನಿಶ್.
ಈಟಿಂಗ್ ಈಟಿಂಗ್ ಈಟಿಂಗ್.
ಸೋ ಐ ಯಾಮ್ ಲೀಫ್.'

ಲೀವ್ ಅನ್ನಲು ಹೋದನೋ,
ಸೊಪ್ಪೇ ಅಂದನೋ.
ಕೆಂಪು ಪೆನ್ನು ತೆಗೆದೆ. 'ವರ್ಮ್ಸ್' ಆದ ಮೇಲೆ ಒಂದು 'ವರ್' ಸೇರಿಸಿದೆ.
ಮೂರು ಸಲ ಈಟಿಂಗ್ ಯಾಕೋ, ಅಂದೆ.
'ಒಂದ್ಸಲ ಬಂದು ಕೇಳಿ ಮೇಡಂ, ಗೊತ್ತಾಯ್ತದೆ.'

ಹೋದೆ, ಅವತ್ತೇ ಸಂಜೆ.
ಬಾಗಿಲಲ್ಲಿ ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟರು.
ತಟ್ಟೆಯ ಮೇಲೆ ತಟ್ಟೆ, ಸೂರಿನವರೆಗೆ.
ಮಾತಾಡಬೇಡಿ ಅಂತ ಅವನವ್ವ ಸನ್ನೆ ಮಾಡಿದರು.
ಪಬ್ಲಿಕ್ ಪರೀಕ್ಷೆಯ ಕೊನೆಯ ಹತ್ತು ನಿಮಿಷ
ನಲವತ್ತು ಪೆನ್ನು ಒಟ್ಟಿಗೆ ಓಡುವಾಗ ಕೇಳುತ್ತದಲ್ಲ,
ಆ ಸದ್ದು. ನಿಲ್ಲದೆ.
ಹಾಸಿದ ಸೊಪ್ಪು ನೋಡನೋಡುತ್ತ ಬರೀ ನರವಾಯಿತು.
ಮೂರು ಈಟಿಂಗ್ ಸಾಲದು.

ಮಾರನೇ ದಿನ ನಿಘಂಟು ಹುಡುಕಿ ಹೇಳಿದೆ:
ಹುಳದ ಜ್ವರಕ್ಕೆ ಫೀವರ್ ಅಲ್ಲಪ್ಪ, ಮೋಲ್ಟ್ ಅಂತಾರೆ.
ಬಾಯಲ್ಲಿ ಹೊರಳಿಸಿದ, ಡಬ್ಬಿಯ ಕಡೆ ನೋಡಿದ,
'ಮಾಲ್ಟಾ ಮೇಡಂ?'

ಸರಿ, ಪೆನ್ನು ತಗೊಳ್ಳಿ.
ಲೀವ್ ಲೆಟರಿಗೆ ಹೊಸ ನಿಯಮ: ನಡೆದದ್ದನ್ನೇ ಬರೆಯಬೇಕು.
ತಪ್ಪು ಇಂಗ್ಲಿಷಿನ ನಿಜವನ್ನು ತಿದ್ದಿಕೊಡುತ್ತೇನೆ.
ತಪ್ಪೇ ಇಲ್ಲದ ಆ ಫೀವರನ್ನು
ಎಲ್ಲಿಂದ ತಿದ್ದಲಿ, ನೀವೇ ಹೇಳಿ.

ಇನ್ನೂ ಒಂದಿತ್ತು, ಮರೆತೆ.
ಕಿಟಕಿ ತೆಗೆಯಿರಿ, ಸೆಖೆ.
ಮಂಟೇಶ ಎಲ್ಲಿ, ಮೊದಲ ದಿನವೇ?
ಯಾರು ಅಂದದ್ದು? ಅಸ್ಮಾನಾ?
ಇನ್ನೊಂದ್ಸಲ ಹೇಳಮ್ಮ, ಕೇಳಿಸಲಿಲ್ಲ.
ಹುಳ ಹಣ್ಣಾಗವಾ?
ಹಂಗಾದ್ರೆ ಚಂದ್ರಿಕೆಗೆ ಬಿಡಬೇಕು, ಕಾಯೋಕಾಗಲ್ಲ.

ಹಾಜರಿಯಲ್ಲಿ ಎಲ್ ಅಂತ ಹಾಕಿದ್ದೇನೆ.
ಲೀವಿಗೂ ಅದೇ ಅಕ್ಷರ,
ಲೀಫಿಗೂ.